ಹಲ್ಲು ಮುಟ್ಟುವ ಹಕ್ಕು

ಹಲ್ಲುನೋವು ಬಂದವರಿಗೆ ಲೋಕದ ಬೇರೆ ಯಾವ ಸಮಸ್ಯೆಯೂ ಸಮಸ್ಯೆಯಲ್ಲ. ಲವಂಗ ಕಚ್ಚಿಕೊಂಡು, ಉಪ್ಪುನೀರು ಮುಕ್ಕಳಿಸಿ, ಕೆನ್ನೆ ಹಿಡಿದುಕೊಂಡೇ ಬೆಳಗು ಮಾಡುತ್ತಾರೆ. ಬೆಳಗಾದರೆ ಡಾಕ್ಟರು ಸಿಗುತ್ತಾರೆಂಬ ಭರವಸೆಯಿದ್ದರೆ ರಾತ್ರಿ ಹೇಗೋ ಕಳೆಯುತ್ತದೆ. ಅಲಾಸ್ಕದ ಎಷ್ಟೋ ಹಳ್ಳಿಗಳಲ್ಲಿ ಆ ಭರವಸೆಯೇ ಇರಲಿಲ್ಲ. ಆ ಊರುಗಳಿಗೆ ರಸ್ತೆಯಿಲ್ಲ. ಸಣ್ಣ ವಿಮಾನದಲ್ಲೋ ದೋಣಿಯಲ್ಲೋ ಹೋಗಬೇಕು. ದಂತವೈದ್ಯರು ಆಗೊಮ್ಮೆ ಈಗೊಮ್ಮೆ ಹಾರಿ ಬಂದು, ಕೆಟ್ಟ ಹಲ್ಲು ಕಿತ್ತು, ಹಾರಿ ಹೋಗುತ್ತಿದ್ದರು.

ಕಡೆಗೆ ಅಲ್ಲಿನ ಮೂಲನಿವಾಸಿಗಳ ಆರೋಗ್ಯ ಸಂಸ್ಥೆಗಳು ತಮ್ಮೂರಿನ ತರುಣ ತರುಣಿಯರನ್ನೇ ಹಲ್ಲಿನ ಚಿಕಿತ್ಸೆ ಕಲಿತು ಬನ್ನಿ ಎಂದು ನ್ಯೂಜಿಲೆಂಡಿಗೆ ಕಳಿಸಿದವು. ನ್ಯೂಜಿಲೆಂಡಿಗೇ ಏಕೆ? ಮೊದಲ ಮಹಾಯುದ್ಧಕ್ಕೆ ಸೇರಲು ಬಂದ ಹುಡುಗರ ಬಾಯಿ ನೋಡಿ ಆ ದೇಶ ಗಾಬರಿಯಾಗಿತ್ತು. ಸೈನ್ಯದ ದಂತವೈದ್ಯ ಥಾಮಸ್ ಹಂಟರ್ ಮುಂದೆ ನಿಂತು, 1921ರಲ್ಲಿ ವೆಲಿಂಗ್ಟನ್‌ನಲ್ಲಿ ಯುವತಿಯರಿಗೆ ಎರಡು ವರ್ಷದ ತರಬೇತಿ ಶುರುಮಾಡಿಸಿದರು. ಕಲಿತವರು ಶಾಲೆಗಳಲ್ಲೇ ಕ್ಲಿನಿಕ್ ಇಟ್ಟು ಮಕ್ಕಳ ಹುಳುಕು ಕೊರೆದು ತುಂಬಿದರು, ಹಾಲುಹಲ್ಲು ಕಿತ್ತರು. ಕಾಲಲ್ಲಿ ತುಳಿದು ತಿರುಗಿಸುವ ಡ್ರಿಲ್ಲಿನ ಕಾಲ ಅದು. ಮಕ್ಕಳು ಆ ಕೋಣೆಯನ್ನು ಕೊಲೆಮನೆ ಎಂದೇ ಕರೆಯುತ್ತಿದ್ದರು. ಪಾಪ, ಎಷ್ಟು ಹೆದರಿದ್ದವೋ! ಆದರೂ ಶಾಲೆಯಲ್ಲೇ ಚಿಕಿತ್ಸೆ ಸಿಗುವ ಆ ಏರ್ಪಾಡು ದಶಕಗಳ ಕಾಲ ನಿಂತಿತು.

ಅಲಾಸ್ಕದ ತರುಣರು ಮರಳಿ ಬಂದು ಕೆಲಸ ಹಿಡಿದರೋ ಇಲ್ಲವೋ, ದಂತವೈದ್ಯರಲ್ಲದವರು ಹಲ್ಲು ಮುಟ್ಟಬಾರದೆಂದು 2006ರಲ್ಲಿ ಅಮೆರಿಕದ ದಂತವೈದ್ಯರ ಸಂಘ ಕೋರ್ಟಿಗೆ ಹೋಯಿತು. ಮರುವರ್ಷ ರಾಜಿಯಾಯಿತು, ಕೆಲಸ ಮುಂದುವರಿಯಿತು. 2009ರಲ್ಲಿ ಮಿನ್ನೆಸೋಟ ರಾಜ್ಯ ಇಂಥವರಿಗಾಗಿ ಕಾನೂನನ್ನೇ ಮಾಡಿತು.

ಈ ಜಗ್ಗಾಟ ಹಳೆಯದು. ಕನೆಕ್ಟಿಕಟ್‌ನ ಬ್ರಿಜ್‌ಪೋರ್ಟ್‌ನಲ್ಲಿ ಡಾಕ್ಟರ್ ಆಲ್ಫ್ರೆಡ್ ಫೋನ್ಸ್ ತಮ್ಮ ಸಹಾಯಕಿ ಐರೀನ್ ನ್ಯೂಮನ್‌ಗೆ ಹಲ್ಲು ಶುಚಿಮಾಡುವುದನ್ನು ಕಲಿಸಿದ್ದು 1906ರಲ್ಲಿ. ಆಕೆಗೆ ಹೈಜೀನಿಸ್ಟ್, ಅಂದರೆ ಹಲ್ಲು ಶುಚಿಮಾಡುವವಳು, ಎಂಬ ಪರವಾನಗಿ ಸಿಕ್ಕಿದ್ದು 1917ರಲ್ಲಿ. ಮರಗಟ್ಟಿಸುವ ಇಂಜೆಕ್ಷನ್ ಕೊಡಲು ಹೈಜೀನಿಸ್ಟರಿಗೆ ವಾಷಿಂಗ್ಟನ್ ರಾಜ್ಯ ಒಪ್ಪಿಗೆ ಕೊಟ್ಟಿದ್ದು 1971ರಲ್ಲಿ. ಅದೇ ದಶಕದಲ್ಲಿ ಬಾಸ್ಟನ್‌ನ ಫೋರ್ಸಿತ್ ಸಂಸ್ಥೆ ಹೈಜೀನಿಸ್ಟರಿಗೆ ಕೊರೆಯುವುದನ್ನೂ ತುಂಬುವುದನ್ನೂ ಕಲಿಸಿ ನೋಡಿತು. ಅವರ ಕೈಕೆಲಸ ಚೆನ್ನಾಗಿಯೇ ಇತ್ತು. ಆದರೆ ಕಾನೂನು ಒಪ್ಪುವುದಿಲ್ಲವೆಂದು 1974ರಲ್ಲಿ ಪ್ರಯೋಗವನ್ನೇ ನಿಲ್ಲಿಸಬೇಕಾಯಿತು. ಕೆಲಸ ಕೆಟ್ಟಿದ್ದಕ್ಕೆ ನಿಲ್ಲಿಸಿದ್ದರೆ ನಾನೂ ತಲೆಯಾಡಿಸುತ್ತಿದ್ದೆ.

ದಂತವೈದ್ಯರ ಆತಂಕದಲ್ಲಿ ಹುರುಳಿಲ್ಲವೆಂದಲ್ಲ. ಸುಲಭವಾಗಿ ಬರುತ್ತದೆಂದುಕೊಂಡ ಹಲ್ಲಿನ ಬೇರು ಒಳಗೇ ಮುರಿಯಬಹುದು. ರೋಗಿಗೆ ಸಕ್ಕರೆ ಕಾಯಿಲೆಯೋ ಹೃದಯದ ತೊಂದರೆಯೋ ಇರಬಹುದು. ಅದಕ್ಕೇ ಯಾವುದನ್ನು ಮಾಡಬಹುದು, ಯಾವುದನ್ನು ಡಾಕ್ಟರಿಗೇ ಬಿಡಬೇಕು ಎಂಬ ಗೆರೆ ಬೇಕು. ಆ ಗೆರೆಯನ್ನು ಕಲಿಕೆ ನೋಡಿ ಎಳೆಯಬೇಕು, ಪದವಿಯ ಹೆಸರು ನೋಡಿ ಅಲ್ಲ.

ಕೆಲವು ಕೆಲಸವಂತೂ ತೀರಾ ಸರಳ. ಸಿಲ್ವರ್ ಡೈಅಮೈನ್ ಫ್ಲೋರೈಡ್ ಎಂಬ ದ್ರವವಿದೆ. ಮಗುವಿನ ಹುಳುಕುಹಲ್ಲಿನ ಸುತ್ತ ಹತ್ತಿ ಇಟ್ಟು, ತೇವ ಒರೆಸಿ, ಪುಟ್ಟ ಬ್ರಷ್ಷಿನ ತುದಿಯಿಂದ ಒಂದು ಹನಿ ಸವರಿ, ನಿಮಿಷ ಹೊತ್ತು ಬಿಟ್ಟರಾಯಿತು. ಸೂಜಿಯಿಲ್ಲ, ಡ್ರಿಲ್ಲಿಲ್ಲ, ಅಳುವಿಲ್ಲ. ಹುಳುಕಿನ ಜಾಗ ಇದ್ದಿಲಿನಂತೆ ಕಪ್ಪಾಗುತ್ತದೆ. ಅದನ್ನು ತಾಯಿಗೆ ಮೊದಲೇ ಹೇಳಿರಬೇಕು. ಬಹುಪಾಲು ಹುಳುಕು ಅಲ್ಲಿಗೇ ನಿಲ್ಲುತ್ತದೆ.

ನಮ್ಮಲ್ಲಿ? 1948ರ ದಂತವೈದ್ಯರ ಕಾಯ್ದೆಯಲ್ಲೇ ಹೈಜೀನಿಸ್ಟರ ಹೆಸರಿದೆ: ಹಲ್ಲಿಗಂಟಿದ ಗಾರೆ ತೆಗೆಯುವವರು, ಹಲ್ಲು ಶುಚಿಮಾಡಿ ಹೊಳಪು ಕೊಡುವವರು, ಬಾಯಿಯ ನೈರ್ಮಲ್ಯ ಕಲಿಸುವವರು. ಆದರೆ ಅವರನ್ನು ಕಂಡವರು ಕಡಿಮೆ. ಕರ್ನಾಟಕದಲ್ಲಿ ಡೆಂಟಲ್ ಕಾಲೇಜುಗಳಿಗೆ ಬರವಿಲ್ಲ. ಬಿಡಿಎಸ್ ಮುಗಿಸಿದವರು ಪೇಟೆಯ ಬೀದಿ ಬೀದಿಗೂ ಬೋರ್ಡು ಹಾಕಿದ್ದಾರೆ. ಹಾಗಾಗಿ ಅಲಾಸ್ಕವನ್ನು ಇದ್ದಹಾಗೇ ಇಲ್ಲಿಗೆ ತರಬೇಕಿಲ್ಲ. ಹಳ್ಳಿಯ ಸರ್ಕಾರಿ ಶಾಲೆಗೆ ಮಾತ್ರ ಹಲ್ಲು ನೋಡುವವರು ಯಾರಾದರೂ ನಿಯಮಿತವಾಗಿ ಬರಲೇಬೇಕು. ಹೈಜೀನಿಸ್ಟರನ್ನು ಸರಿಯಾಗಿ ತಯಾರುಮಾಡಿ, ಪರೀಕ್ಷಿಸಿ, ತಾಲ್ಲೂಕು ಆಸ್ಪತ್ರೆಯ ದಂತವೈದ್ಯರ ಉಸ್ತುವಾರಿಯಲ್ಲಿ ಅಲ್ಲಿಗೆ ಕಳಿಸಲಿ. ಫ್ಲೋರೈಡ್ ಸವರುವ ಅಧಿಕಾರವನ್ನು ಸರ್ಕಾರ ಅವರಿಗೆ ಬರೆದೇ ಕೊಡಲಿ.