ನಮ್ಮ ಮನೆಯ ಮೂಷಿಕ ಪ್ರಸಂಗ

ಕರೆಯದೆ ಬರುವ ಅತಿಥಿಗಳಲ್ಲಿ ಮೂರು ವಿಧ: ಉಂಡು ಹೋಗುವವರು, ಉಂಡು ಮಲಗುವವರು, ಉಂಡು ಅಲ್ಲಿಯೇ ಸಂಸಾರ ಹೂಡುವವರು. ಇಲಿ ಮೂರನೆಯ ವರ್ಗಕ್ಕೆ ಸೇರಿದ್ದು. ಗಣಪತಿಯ ವಾಹನವೆಂದು ನಾವು ಅದಕ್ಕೆ ಕೈಮುಗಿಯುತ್ತೇವೆ. ಅದು ನಮ್ಮ ರಾಗಿಯ ಮೂಟೆಗೆ ಕನ್ನ ಹಾಕುತ್ತದೆ. ಇಲಿಗಳಲ್ಲೆಲ್ಲ ಸಜ್ಜನನೆಂದರೆ ವರ್ಷಕ್ಕೊಮ್ಮೆ ಬಂದು, ಕಡುಬಿನ ನೈವೇದ್ಯ ನೋಡಿ, ಒಡೆಯನೊಡನೆ ಕೆರೆಗಿಳಿಯುವ ಮಣ್ಣಿನ ಇಲಿಯೊಂದೇ!

ನಮ್ಮದು ಹೆಂಚಿನ ಮನೆ, ಹಿತ್ತಲಾಚೆ ಹೊಲ. ಸುಗ್ಗಿ ಮುಗಿದು ಹೊಲ ಬರಿದಾದೊಡನೆ ಇಲಿಗಳು ಮನೆಯ ದಾರಿ ಹಿಡಿಯುತ್ತವೆ. ಕಳೆದ ಸಂಕ್ರಾಂತಿಯ ಹೊತ್ತಿಗೆ ಅಟ್ಟದ ಮೇಲೆ ರಾತ್ರಿಯೆಲ್ಲ ಸುಂಡಿಲಿಗಳ ಓಟದ ಪಂದ್ಯ. ಮೊದಮೊದಲು ನಕ್ಕೆವು. ಆದರೆ ಅಕ್ಕ ಬಾಣಂತನಕ್ಕೆ ಬಂದಿದ್ದಳು. ಒಂದು ಬೆಳಗ್ಗೆ ತೊಟ್ಟಿಲ ಹಾಸಿಗೆಯಲ್ಲಿ ಅಕ್ಕಿಕಾಳಿನಷ್ಟಿದ್ದ ಕರಿಯ ಹಿಕ್ಕೆಗಳು ಕಂಡವು. ಅಲ್ಲಿಗೆ ನಗೆ ನಿಂತಿತು.

ಅಜ್ಜಿ ಹೆದರಿದ್ದೇ ಹೆಚ್ಚು. ಪ್ಲೇಗಿನ ಕಾಲದಲ್ಲಿ “ಇಲಿ ಬಿತ್ತು” ಎಂದರೆ ಊರಿಗೆ ಊರೇ ಬಾಗಿಲು ಹಾಕಿಕೊಂಡು ಹೊಲಗಳಲ್ಲಿ ಗುಡಿಸಲು ಕಟ್ಟಿಕೊಳ್ಳುತ್ತಿದ್ದ ಕಥೆಯನ್ನು ಆಕೆ ತನ್ನ ಹಿರಿಯರಿಂದ ಕೇಳಿದ್ದಳು. 1898ರಲ್ಲಿ ಆ ಮಾರಿ ಬೆಂಗಳೂರಿಗೆ ಕಾಲಿಟ್ಟಿತು. ಇಕ್ಕಟ್ಟಾದ ಪೇಟೆಗಳ ಜನಕ್ಕೆ ಗಾಳಿ ಬೆಳಕು ದೊರೆಯಲೆಂದೇ ಬಸವನಗುಡಿ, ಮಲ್ಲೇಶ್ವರಗಳು ಬೆಳೆದವು. ರೋಗವನ್ನು ಹೊತ್ತು ತರುವುದು ಇಲಿಯ ಮೈಮೇಲಿನ ಚಿಗಟವೆಂದು ಸಿಮಾನ್ ಎಂಬ ಫ್ರೆಂಚ್ ವೈದ್ಯ ಕಂಡುಕೊಂಡದ್ದೂ ಆ ವರ್ಷವೇ. ಆ ಭಯ ಈಗಿಲ್ಲ. ಆದರೆ ಇಲಿಯ ಮೂತ್ರದಿಂದ ಹರಡುವ ಇಲಿಜ್ವರ ಇಂದಿಗೂ ಇದೆ.

ಅಪ್ಪ ಪಾಷಾಣ ತರಲು ಹೊರಟರು. ಅಮ್ಮ ಅಡ್ಡ ನಿಂತಳು. “ಕೂಸಿರೋ ಮನೇಲಿ ವಿಷದುಂಡೆ ಇಡೋದಾದ್ರೆ, ಮಗಳನ್ನೂ ಮೊಮ್ಮಕ್ಕಳನ್ನೂ ಕರಕೊಂಡು ನಾನೇ ಹೊರಟೆ ಅಂತ ತಿಳೀರಿ” ಎಂದಳು. ಅಕ್ಕನ ಹಿರಿಯ ಮಗನಿಗೆ ಎರಡು ವರ್ಷ. ಕೈಗೆ ಸಿಕ್ಕಿದ್ದೆಲ್ಲ ಬಾಯಿಗೆ. ಅಂಗಡಿಯ ಇಲಿಪಾಷಾಣದಲ್ಲಿ ಸಾಮಾನ್ಯವಾಗಿರುವ ಸತುವಿನ ಫಾಸ್ಫೈಡು ಜಠರದ ಆಮ್ಲ ಸೇರಿದೊಡನೆ ಫಾಸ್ಫೀನ್ ಎಂಬ ವಿಷಾನಿಲವಾಗುತ್ತದೆ, ಅದಕ್ಕೆ ಪ್ರತ್ಯೌಷಧವಿಲ್ಲ. ಅಮ್ಮ ರಸಾಯನಶಾಸ್ತ್ರ ಓದಿದವಳಲ್ಲ. ಆದರೂ ತೀರ್ಪು ಸರಿಯಾಗಿಯೇ ಇತ್ತು.

ನೆರೆಮನೆಯ ಬೆಕ್ಕನ್ನು ಎರವಲು ತಂದೆವು. ಅದು ಹಾಲು ಕುಡಿದು ಒಲೆಯ ಬದಿಯಲ್ಲಿ ಧ್ಯಾನಕ್ಕೆ ಕುಳಿತಿತು. ಬೆಕ್ಕಿಗೆ ಗಂಟೆ ಕಟ್ಟುವ ಚಿಂತೆ ನಮ್ಮ ಇಲಿಗಳಿಗೆ ಬರಲೇ ಇಲ್ಲ.

ಕೊನೆಗೆ ಭಾರ ನನ್ನ ಮೇಲೆ ಬಿತ್ತು. ರಾತ್ರಿ ಗೋಡೆಯ ಅಂಚಿನುದ್ದಕ್ಕೂ ರಾಗಿಹಿಟ್ಟು ಚಿಮುಕಿಸಿ ಮಲಗಿದೆ. ಬೆಳಗಾದಾಗ ಹಿಟ್ಟಿನ ಮೇಲೆ ಪುಟ್ಟ ಹೆಜ್ಜೆಗಳು ತಮ್ಮ ರಾಜಮಾರ್ಗವನ್ನು ತಾವೇ ಬರೆದಿಟ್ಟಿದ್ದವು. ಸುಂಡಿಲಿ ನಡುಮನೆ ದಾಟುವುದು ಅಪರೂಪ. ಗೋಡೆಗೆ ಮೈಯೊತ್ತಿಕೊಂಡೇ ಸಾಗುತ್ತದೆ. ಹೆಜ್ಜೆಗಳನ್ನು ಹಿಂಬಾಲಿಸಿದಾಗ ಮೂರು ಬಾಗಿಲು ಸಿಕ್ಕವು: ಬಚ್ಚಲ ತೂಬು, ಹಿತ್ತಲ ಬಾಗಿಲಿನ ಕೆಳಗಿನ ಸಂದು, ಸೂರಿನ ಬಳಿ ಗೋಡೆ ಬಿರಿದ ಜಾಗ. ಪೆನ್ಸಿಲ್ ತೂರುವಷ್ಟು, ಎಂದರೆ ಸುಮಾರು 6 ಮಿಲಿಮೀಟರ್ ಕಂಡಿಯಿದ್ದರೂ ಸುಂಡಿಲಿ ನುಸುಳಬಲ್ಲದು.

ತೂಬಿಗೆ ಸಣ್ಣ ಕಣ್ಣಿನ ಕಬ್ಬಿಣದ ಜಾಲರಿ ಬಿತ್ತು. ಬಾಗಿಲಿನ ಅಡಿಗೆ ತಗಡು ಹೊಡೆಸಿದೆವು. ಬಿರುಕಿಗೆ ಗಾಜಿನ ಚೂರು ಬೆರೆಸಿದ ಸಿಮೆಂಟು ತುಂಬಿದೆ; ಬಟ್ಟೆಯನ್ನೋ ಮರವನ್ನೋ ತುರುಕಿದರೆ, ಬದುಕಿರುವವರೆಗೂ ಬೆಳೆಯುವ ಆ ಬಾಚಿಹಲ್ಲುಗಳಿಗೆ ಅದೊಂದು ಸಾಣೆ. ಕಾಳುಕಡಿ ಮುಚ್ಚಳವಿರುವ ಡಬ್ಬಗಳಿಗೆ ಸೇರಿತು. ಹಿಕ್ಕೆಯನ್ನು ಒಣಗಿದ್ದಾಗ ಗುಡಿಸದೆ, ಬ್ಲೀಚಿಂಗ್ ಪುಡಿಯ ನೀರಿನಲ್ಲಿ ನೆನೆಸಿ ಒರೆಸಿದೆವು.

ಒಳಗುಳಿದವಕ್ಕೆ ಬೋನು, ಸುಟ್ಟ ಕೊಬ್ಬರಿ. ಇಲ್ಲಿ ತಡ ಮಾಡುವಂತಿಲ್ಲ. ಹೆಣ್ಣು ಇಲಿ ಮೂರು ವಾರಕ್ಕೊಮ್ಮೆ ಐದಾರು ಮರಿ ಹಾಕಬಲ್ಲದು. ಹತ್ತು ದಿನಗಳಲ್ಲಿ ಏಳು ಸಿಕ್ಕಿದವು. ಹಿಡಿದದ್ದನ್ನು ಏನು ಮಾಡುವುದು? ಬೋನಿನ ಕಂಬಿಯಾಚೆ ಮೆಣಸಿನಕಾಳಿನಂಥ ಎರಡು ಕಣ್ಣು ನೋಡುತ್ತಿರುವಾಗ ಆ ಪ್ರಶ್ನೆ ಸುಲಭವಲ್ಲ. ಅದೂ ಮರಿಗಳಿಗೆಂದೇ ಬಂದದ್ದು. ನಾವೂ ಕೂಸಿಗೆಂದೇ ಹಿಡಿದದ್ದು. ಅಜ್ಜಿಯ ಅಪ್ಪಣೆಯಂತೆ ಕೆರೆಯ ಏರಿಯಾಚೆಯ ಬೀಳಿನಲ್ಲಿ ಬಿಟ್ಟುಬಂದೆ. ಕೊಲ್ಲಲಿಲ್ಲವೆಂಬ ಪುಣ್ಯ ಅಜ್ಜಿಗೆ. ಉಳಿದದ್ದು ಅಲ್ಲಿಯ ಗೂಬೆಗೆ ಬಿಟ್ಟ ವಿಷಯ.

ಇಲಿಯನ್ನು ಓಡಿಸುವುದೆಂದರೆ ಇಲಿಯ ಹಿಂದೆ ಓಡುವುದಲ್ಲ, ನಮ್ಮ ಗೋಡೆಗಳನ್ನು ಇಲಿಯ ಕಣ್ಣಿನಿಂದ ನೋಡುವುದು. ಈಗಲೂ ತಿಂಗಳಿಗೊಮ್ಮೆ ಪೆನ್ಸಿಲ್ ಹಿಡಿದು ಮನೆಯ ಸುತ್ತ ಒಂದು ಪ್ರದಕ್ಷಿಣೆ ಹಾಕುತ್ತೇನೆ. “ಇಷ್ಟು ಶ್ರದ್ಧೆಯಿಂದ ಆ ಪೆನ್ಸಿಲನ್ನು ಪುಸ್ತಕದ ಮೇಲೆ ಆಡಿಸಿದ್ದರೆ!” ಎನ್ನುತ್ತಾರೆ ಅಪ್ಪ. ಅಮ್ಮ ಮಾತ್ರ ಏನೂ ಹೇಳದೆ ಒಂದು ಲೋಟ ಕಾಫಿ ಹೆಚ್ಚಾಗಿ ಕೊಡುತ್ತಾಳೆ.