ಬುತ್ತಿ ಬಿಚ್ಚುವ ಪಾನಶಾಲೆ

ಯೂರೋಪಿನ ಯಾವ ಪ್ರವಾಸದ ಕೈಪಿಡಿಯನ್ನು ತೆರೆದರೂ ಅರಮನೆ, ಚರ್ಚು, ಚಿತ್ರಶಾಲೆಗಳ ಸಾಲಿನಲ್ಲಿಯೇ ಆ ಊರಿನ ಹೆಸರಾಂತ ಪಾನಗೃಹಗಳ ವಿವರವೂ ಇರುತ್ತದೆ. ನಮ್ಮವರಲ್ಲಿ ಅನೇಕರು ಆ ಪುಟವನ್ನು ಓದದೆ ಮಗುಚಿಬಿಡುತ್ತಾರೆ. ನಾನೂ ಹಾಗೆ ಮಗುಚಿದವನೇ. ಜರ್ಮನಿಯ ದಕ್ಷಿಣದಲ್ಲಿರುವ ಬವೇರಿಯ ಪ್ರಾಂತದ ರಾಜಧಾನಿ ಮ್ಯೂನಿಕ್ ನಗರವನ್ನು ಕಾಣುವವರೆಗೆ, ಆ ಪುಟದಲ್ಲಿ ನನ್ನಂಥವನಿಗೆ ಬೇಕಾದದ್ದು ಏನಾದರೂ ಇದ್ದೀತೆಂದು ತೋರಿರಲಿಲ್ಲ.

ಅದಕ್ಕೆ ಕಾರಣವಿತ್ತು. ನಮ್ಮ ಊರಿನ ಕೆರೆಯೇರಿಯ ಕೆಳಗೆ ಒಂದು ಸಾರಾಯಿ ಅಂಗಡಿಯಿತ್ತು. ಹೆಂಗಸರು ಆ ದಾರಿಯಲ್ಲಿ ಹೋಗುತ್ತಿರಲಿಲ್ಲ. ಹುಡುಗರು ಹೋದರೆ ಬೆನ್ನಿಗೆ ಏಟು ಬೀಳುತ್ತಿತ್ತು. ನನ್ನ ಚಿಕ್ಕಪ್ಪನ ಎರಡು ಎಕರೆ ಗದ್ದೆ ಆ ಬಾಗಿಲಿನೊಳಗೆ ಹೋಯಿತು. ಅದರ ಹಿಂದೆಯೇ ಚಿಕ್ಕಮ್ಮನ ಬಳೆ, ಓಲೆಗಳೂ ಹೋದವು. ಐವತ್ತು ತುಂಬುವ ಮೊದಲೇ ಅವರು ತೀರಿಕೊಂಡಾಗ, ಅಂಥ ಹೊಸ್ತಿಲನ್ನು ಎಂದಿಗೂ ತುಳಿಯುವುದಿಲ್ಲವೆಂದು ನನ್ನ ತಾಯಿಗೆ ಮಾತು ಕೊಟ್ಟಿದ್ದೆ. 2007ರ ಜುಲೈ ತಿಂಗಳಿನಿಂದ ಕರ್ನಾಟಕದಲ್ಲಿ ಸಾರಾಯಿ ನಿಷೇಧವಾಯಿತು, ಅಂಗಡಿ ಮುಚ್ಚಿತು. ಮಾತು ಮಾತ್ರ ಉಳಿದುಕೊಂಡಿತ್ತು.

ಮ್ಯೂನಿಕ್ಕಿನಲ್ಲಿ ನನ್ನ ತಂಗಿಯ ಮಗನಿಗೆ ಕೆಲಸ. ಜೂನ್ ತಿಂಗಳ ಒಂದು ಭಾನುವಾರ ಅವನು, “ಮಾವ, ಈ ಸಂಜೆಯ ಊಟ ಬಿಯರ್ ತೋಟದಲ್ಲಿ” ಎಂದನು.

“ನೀವಿಬ್ಬರೂ ಹೋಗಿಬನ್ನಿ. ನಾನು ಮನೆಯಲ್ಲಿಯೇ ಇರುತ್ತೇನಪ್ಪ” ಎಂದೆ.

ಅಷ್ಟರಲ್ಲಿ ಅವನ ಹೆಂಡತಿ ಅಡಿಗೆಮನೆಯಿಂದ ಡಬ್ಬಿಗಳನ್ನು ತಂದು ಮೇಜಿನ ಮೇಲಿಟ್ಟಳು. ಚಪಾತಿ, ಬೀನ್ಸ್ ಪಲ್ಯ, ಚಿತ್ರಾನ್ನ, ಮೊಸರನ್ನ. ಬುತ್ತಿ ಎಲ್ಲಿಗೆಂದು ಕೇಳಿದರೆ, ಅದೇ ತೋಟಕ್ಕೆಂದು ನಕ್ಕಳು. ನಾನು ಬೆಪ್ಪಾದೆ. ಹೊರಗಿನ ತಿಂಡಿಯನ್ನು ಒಳಗೆ ತರಬಾರದೆಂಬ ಫಲಕವನ್ನು ನಮ್ಮ ಹೋಟೆಲುಗಳ ಗೋಡೆಯ ಮೇಲೆ ಓದಿ ಬೆಳೆದವನು ನಾನು. ಪಾನಶಾಲೆಗೆ ಬುತ್ತಿ ಕಟ್ಟಿಕೊಂಡು ಹೋಗುವುದೆಂದರೇನು?

“ಅಜ್ಜಿಗೆ ಕೊಟ್ಟ ಮಾತು ನನಗೂ ಗೊತ್ತು ಮಾವ” ಎಂದನು ಹುಡುಗ. “ನೀವು ತುಳಿಯುವುದಿಲ್ಲವೆಂದದ್ದು ಹೊಸ್ತಿಲನ್ನು. ಆ ತೋಟಕ್ಕೆ ಹೊಸ್ತಿಲೇ ಇಲ್ಲ.”

ವಕೀಲನಾಗಬೇಕಾದವನು ಇಂಜಿನಿಯರಾದನೆಂದುಕೊಂಡು ಹೊರಟೆ.

ನಾವು ಹೋದದ್ದು ಹಿರ್ಷ್‌ಗಾರ್ಟನ್‌ಗೆ. ಹೆಸರಿನ ಅರ್ಥ ಜಿಂಕೆಗಳ ತೋಟವೆಂದು. ಹಿಂದೆ ಅರಸರ ಬೇಟೆಗಾಗಿ ಜಿಂಕೆಗಳನ್ನು ಸಾಕಿದ ಬಯಲು ಅದು. ಇಂದಿಗೂ ಬೇಲಿಯ ಆಚೆ ಜಿಂಕೆಗಳು ಮೇಯುತ್ತವೆ. ಬೇಲಿಯ ಈಚೆ, ಮುಗಿಲೆತ್ತರದ ಚೆಸ್ಟ್‌ನಟ್ ಮರಗಳ ಕೆಳಗೆ, ಎಂಟು ಸಾವಿರ ಜನ ಕುಳಿತುಕೊಳ್ಳುವಷ್ಟು ಮರದ ಬೆಂಚುಗಳು. ನಮ್ಮ ಜಾತ್ರೆಯ ಅನ್ನಸಂತರ್ಪಣೆಯ ಪಂಕ್ತಿಯನ್ನು ಯಾರೋ ಮೇಜಿನ ಮೇಲೆತ್ತಿ ಇಟ್ಟಂತೆ ನನಗೆ ಕಂಡಿತು. ತೊಟ್ಟಿಲು ಗಾಡಿಯಲ್ಲಿ ಮಲಗಿದ ಕೂಸುಗಳು, ಉಯ್ಯಾಲೆಯಾಡುವ ಮಕ್ಕಳು, ಊರುಗೋಲನ್ನು ಮರಕ್ಕೆ ಒರಗಿಸಿದ ಮುದುಕರು, ಮೊಮ್ಮಕ್ಕಳಿಗೆ ತಿನ್ನಿಸುತ್ತಿರುವ ಅಜ್ಜಿಯರು. ಪಾನಶಾಲೆಯಲ್ಲಿ ಅಜ್ಜಿಯನ್ನು ಕಂಡದ್ದು ನನಗೆ ಅದೇ ಮೊದಲು.

ಇಲ್ಲಿಯ ನಿಯಮಗಳು ಸರಳ. ಬಟ್ಟೆ ಹಾಸಿದ ಮೇಜಿಗೆ ಪರಿಚಾರಕರು ಬರುತ್ತಾರೆ. ಅಲ್ಲಿ ಕುಳಿತವರು ಅವರ ಅಡಿಗೆಯನ್ನೇ ತರಿಸಿಕೊಳ್ಳಬೇಕು. ಬಟ್ಟೆಯಿಲ್ಲದ ಮೇಜು ಬುತ್ತಿಯವರದು. ಪಾನೀಯವನ್ನು ಮಾತ್ರ ಅಲ್ಲಿಯೇ ಕೊಳ್ಳಬೇಕು. ತಿನ್ನುವುದು ಏನನ್ನಾದರೂ ಮನೆಯಿಂದ ತರಬಹುದು. ಹಿರ್ಷ್‌ಗಾರ್ಟನ್ನಿನಲ್ಲಿ ಗಾಜಿನ ಲೋಟವನ್ನೂ ಹಲಗೆಯಿಂದ ನಾವೇ ತೆಗೆದುಕೊಂಡು, ನೀರಿನ ತೊಟ್ಟಿಯಲ್ಲಿ ತೊಳೆದು, ಸಾಲಿನಲ್ಲಿ ನಿಲ್ಲಬೇಕು. ಒಂದು ಲೀಟರಿನ ಆ ದಪ್ಪ ಲೋಟಕ್ಕೆ ‘ಮಾಸ್’ ಎಂದು ಹೆಸರು. ಕುಡಿಯದವರಿಗೆ ಸೇಬಿನ ರಸಕ್ಕೆ ಸೋಡ ಬೆರೆಸಿದ ಪಾನೀಯವುಂಟು. ನಾನು ಅದನ್ನೇ ತೆಗೆದುಕೊಂಡೆ. ಸುಡುಬಿಸಿಲಿನ ದಿನಕ್ಕೆ ಅದು ಬಹಳ ಹಿತವಾದ ಪಾನೀಯ.

ಖಾಲಿ ಮೇಜಿಗಾಗಿ ಇಲ್ಲಿ ಯಾರೂ ಕಾಯುವುದಿಲ್ಲ. ಇಬ್ಬರು ಕುಳಿತಿರುವ ಮೇಜಿನ ಬಳಿ ಹೋಗಿ, “ಇಸ್ಟ್ ಹಿಯರ್ ನೊಖ್ ಫ್ರೈ?” ಇಲ್ಲಿ ಜಾಗವಿದೆಯೆ ಎಂದು ಕೇಳಿದರಾಯಿತು. ಕುಳಿತವರು ಸರಿದು ಕೂರುತ್ತಾರೆ. ನಾವು ಕೇಳಿದ ಮೇಜಿನಲ್ಲಿ ಎಪ್ಪತ್ತು ದಾಟಿದ ದಂಪತಿಗಳಿದ್ದರು. ಬುಟ್ಟಿಯಿಂದ ಚೌಕಳಿಯ ವಸ್ತ್ರವನ್ನು ತೆಗೆದು ತಮ್ಮ ಪಾಲಿನ ಹಲಗೆಯ ಮೇಲೆ ಹಾಸಿಕೊಂಡಿದ್ದರು. ಗಂಟು ಹಾಕಿದ ಆಕಾರದ ‘ಬ್ರೆತ್ಸೆ’ ರೊಟ್ಟಿ, ಗಿಣ್ಣು ಬೆಣ್ಣೆಗಳನ್ನು ಕೆಂಪು ಮೆಣಸಿನ ಪುಡಿಯೊಡನೆ ನಾದಿದ ‘ಒಬಾಟ್ಸ್ಟ’ ಎಂಬ ವ್ಯಂಜನ, ಮತ್ತು ನಮ್ಮ ಸಂತೆಯಿಂದಲೇ ಬಂದಂತಿದ್ದ ಒಂದು ಬಿಳಿಯ ಮೂಲಂಗಿ! ಮುದುಕರು ಅದನ್ನು ಸುರುಳಿಯಾಗಿ ಹೆಚ್ಚಿ, ಉಪ್ಪು ಸವರಿ, ಕೈಕಟ್ಟಿ ಕುಳಿತರು. ತಿನ್ನುವುದಿಲ್ಲವೇಕೆಂದು ನನ್ನ ಸೋದರಳಿಯನ ಮೂಲಕ ಕೇಳಿದೆ. ಮೂಲಂಗಿ ಮೊದಲು ಅಳಬೇಕು, ಆಮೇಲೆ ತಿನ್ನಬೇಕು ಎಂದರು. ಉಪ್ಪಿಗೆ ಬಿಟ್ಟ ನೀರೇ ಅದರ ಕಣ್ಣೀರು. ಹೆಸರುಬೇಳೆಯ ಕೋಸಂಬರಿಗೆ ಉಪ್ಪು ಹಾಕುವ ಹೊತ್ತಿನ ವಿಷಯದಲ್ಲಿ ನನ್ನ ತಾಯಿ ಮಾಡುವ ಉಪದೇಶ ನೆನಪಾಯಿತು. ಚಿತ್ರಾನ್ನದ ಡಬ್ಬಿಯನ್ನು ಅವರತ್ತ ಸರಿಸಿದೆ. ಮುದುಕಿ ಎರಡು ಸಲ ಹಾಕಿಸಿಕೊಂಡರು.

ಈ ಬುತ್ತಿಯ ಪದ್ಧತಿ ಹೇಗೆ ಬಂತೆಂಬುದಕ್ಕೆ ಸೊಗಸಾದ ಇತಿಹಾಸವಿದೆ. 1539ರ ಒಂದು ಕಟ್ಟಳೆಯಂತೆ ಬವೇರಿಯದಲ್ಲಿ ಸೆಪ್ಟೆಂಬರ್ 29ರಿಂದ ಏಪ್ರಿಲ್ 23ರವರೆಗೆ ಮಾತ್ರ ಬಿಯರನ್ನು ತಯಾರಿಸಬಹುದಾಗಿತ್ತು. ಬೇಸಗೆಗೆ ಬೇಕಾದದ್ದನ್ನು ಚಳಿಗಾಲದಲ್ಲಿಯೇ ಮಾಡಿ ತಂಪಾಗಿ ಇಟ್ಟುಕೊಳ್ಳಬೇಕು. ಅದಕ್ಕಾಗಿ ತಯಾರಕರು ಆಳವಾದ ನೆಲಮಾಳಿಗೆಗಳನ್ನು ತೋಡಿ, ಕೆರೆಗಳ ಮಂಜುಗಡ್ಡೆಯನ್ನು ಕಡಿದು ತುಂಬಿದರು. ಮೇಲಿನ ನೆಲ ಕಾಯದಂತೆ ಜಲ್ಲಿ ಹರಡಿ ಚೆಸ್ಟ್‌ನಟ್ ಮರಗಳನ್ನು ನೆಟ್ಟರು. ಈ ಮರದ ಎಲೆ ಅಗಲ, ನೆರಳು ದಟ್ಟ. ಬೇರು ಆಳಕ್ಕೆ ಇಳಿಯುವುದಿಲ್ಲವಾದ್ದರಿಂದ ಮಾಳಿಗೆಯ ಕಮಾನಿಗೆ ಭಯವಿಲ್ಲ. ಅಷ್ಟು ಚೆಂದದ ನೆರಳಿದ್ದ ಮೇಲೆ ಜನ ಅಲ್ಲಿಯೇ ಕುಳಿತು ಕುಡಿಯತೊಡಗಿದರು. ಊರೊಳಗಿನ ಭೋಜನಶಾಲೆಯವರಿಗೆ ಗಿರಾಕಿಗಳು ಕಡಿಮೆಯಾಗಿ ದೂರು ಅರಸನ ಬಳಿಗೆ ಹೋಯಿತು. 1812ರ ಜನವರಿಯಲ್ಲಿ ಅರಸ ಮ್ಯಾಕ್ಸಿಮಿಲಿಯನ್ ಜೋಸೆಫನು ಇಬ್ಬರಿಗೂ ಒಪ್ಪಿಗೆಯಾಗುವ ತೀರ್ಪು ಕೊಟ್ಟನು: ಬೇಸಗೆಯಲ್ಲಿ ತಯಾರಕರು ಬಿಯರನ್ನೂ ರೊಟ್ಟಿಯನ್ನೂ ಮಾರಬಹುದು, ಬೇರೆ ಆಹಾರವನ್ನು ಮಾರಕೂಡದು. ಜನ ಏನು ಮಾಡಿದರು? ಮನೆಯಿಂದ ಬುತ್ತಿ ಕಟ್ಟಿಕೊಂಡು ಬಂದರು. ತೋಟದವರು ಅಡಿಗೆ ಮಾರಬಾರದೆಂಬ ನಿರ್ಬಂಧ ಮುಂದೆ ಸಡಿಲಿತು. ಬುತ್ತಿಯ ಹಕ್ಕು ಉಳಿಯಿತು.

ಹಕ್ಕು ಎಂಬ ಮಾತನ್ನು ಸುಮ್ಮನೆ ಬಳಸಲಿಲ್ಲ. ನಗರದ ದಕ್ಷಿಣಕ್ಕೆ, ಈಸಾರ್ ನದಿಯ ದಂಡೆಯ ಮೇಲೆ ವಾಲ್ಡ್‌ವಿರ್ಟ್‌ಶಾಫ್ಟ್ ಎಂಬ ತೋಟವಿದೆ. ಗದ್ದಲದಿಂದ ನಿದ್ದೆಗೆಟ್ಟ ನೆರೆಮನೆಯವರು ನ್ಯಾಯಾಲಯಕ್ಕೆ ಹೋಗಿ, 1995ರಲ್ಲಿ ಅದನ್ನು ರಾತ್ರಿ ಒಂಬತ್ತೂವರೆಗೆ ಮುಚ್ಚಬೇಕೆಂಬ ಆಜ್ಞೆಯಾಯಿತು. ಜೂನ್ ತಿಂಗಳಿನಲ್ಲಿ ಅಲ್ಲಿ ಒಂಬತ್ತೂವರೆಯೆಂದರೆ ಸಂಜೆಗೆಂಪು ಇನ್ನೂ ಆರಿರುವುದಿಲ್ಲ. ಆ ವರ್ಷ ಮೇ 12ರಂದು ಸುಮಾರು ಇಪ್ಪತ್ತು ಸಾವಿರ ಜನ ಮ್ಯೂನಿಕ್ಕಿನ ಬೀದಿಗಳಲ್ಲಿ ಮೆರವಣಿಗೆ ಹೊರಟರು. ಅದಕ್ಕೆ ‘ಬಿಯರ್ ತೋಟದ ಕ್ರಾಂತಿ’ ಎಂದು ಹೆಸರಾಯಿತು. ನಿದ್ದೆ ಬೇಕೆಂದವರು ಕೇಳಿದ್ದೂ ಅನ್ಯಾಯವಲ್ಲ. ಕೊನೆಗೆ 1999ರ ಸರಕಾರಿ ನಿಯಮ ಇಬ್ಬರ ಮಾತನ್ನೂ ಕೇಳಿತು: ಹತ್ತಕ್ಕೆ ಸಂಗೀತ ನಿಲ್ಲಬೇಕು, ಹತ್ತೂವರೆಗೆ ಮಾರಾಟ, ಹನ್ನೊಂದಕ್ಕೆ ಎಲ್ಲವೂ. ಬಿಯರ್ ತೋಟವೆನಿಸಿಕೊಳ್ಳಲು ಎರಡು ಲಕ್ಷಣಗಳನ್ನೂ ಅದು ಹೇಳಿತು. ಅದು ತೋಟದಂತಿರಬೇಕು, ಮನೆಯಿಂದ ತಂದ ಬುತ್ತಿಯನ್ನು ಅಲ್ಲಿ ಹಣ ಕೊಡದೆ ಉಣ್ಣಲು ಅವಕಾಶವಿರಬೇಕು.

ಬಡವನೊಬ್ಬ ಹೆಂಡತಿ ಮಕ್ಕಳೊಡನೆ ಬಂದು, ಒಂದು ಲೋಟಕ್ಕೆ ಮಾತ್ರ ಹಣ ಕೊಟ್ಟು, ಸಂಜೆಯಿಡೀ ಶ್ರೀಮಂತನ ಪಕ್ಕದಲ್ಲಿ ಕುಳಿತು ಮನೆಯ ರೊಟ್ಟಿ ತಿನ್ನಬಹುದೆಂಬುದನ್ನು ಒಂದು ಸರಕಾರ ನಿಯಮವಾಗಿ ಬರೆದಿಟ್ಟಿದೆ. ಮ್ಯೂನಿಕ್ಕಿನಲ್ಲಿ ನಾನು ಕಂಡ ಅರಮನೆಗಳಿಗಿಂತ ಇದು ನನಗೆ ದೊಡ್ಡದಾಗಿ ತೋರಿತು.

ಪ್ರವಾಸಿಗಳಿಗೆ ಇನ್ನು ಕೆಲವು ತೋಟಗಳನ್ನು ಸೂಚಿಸಬಹುದು. ‘ಇಂಗ್ಲಿಷ್ ತೋಟ’ವೆಂಬ ವಿಶಾಲ ಉದ್ಯಾನದ ನಡುವೆ ಚೀನೀ ಗೋಪುರವೆಂಬ ಮರದ ಪಗೋಡವಿದೆ. 1790ರ ಸುಮಾರಿಗೆ ಕಟ್ಟಿದ್ದು 1944ರ ಬಾಂಬು ದಾಳಿಯಲ್ಲಿ ಸುಟ್ಟುಹೋಗಿ, 1952ರಲ್ಲಿ ಮತ್ತೆ ಎದ್ದಿತು. ಅದರ ಮೇಲಿನಿಂದ ಹಿತ್ತಾಳೆಯ ವಾದ್ಯಗಳನ್ನು ನುಡಿಸುವಾಗ ಕೆಳಗೆ ಏಳು ಸಾವಿರ ಜನ ಕುಳಿತಿರಬಲ್ಲರು. ರೈಲ್ವೆ ನಿಲ್ದಾಣಕ್ಕೆ ಹತ್ತಿರ ಬೇಕೆಂದರೆ ಆಗುಸ್ಟೀನರ್ ಕೆಲ್ಲರ್. ಅಲ್ಲಿ ಇಂದಿಗೂ ಮರದ ಪೀಪಾಯಿಯಿಂದಲೇ ಬಿಯರ್ ಸುರಿಯುತ್ತಾರೆ. ಪೇಟೆಯ ನಡುವೆಯೇ ಬೇಕೆಂದರೆ ತರಕಾರಿ ಮಾರುಕಟ್ಟೆಯಾದ ವಿಕ್ಟುವಾಲಿಯನ್‌ಮಾರ್ಕ್ಟ್. ಅಲ್ಲಿ ನಗರದ ಆರು ತಯಾರಕರ ಬಿಯರೂ ಸರದಿಯ ಮೇಲೆ ಬರುತ್ತದೆ.

ಇವೆಲ್ಲಕ್ಕಿಂತ ಹೆಸರಾದದ್ದು 1589ರಲ್ಲಿ ಸ್ಥಾಪನೆಯಾದ ಹೋಫ್‌ಬ್ರಾಯ್‌ಹೌಸ್. ಅದು ತೋಟವಲ್ಲ, ಮಹಾಮಂದಿರ, ಅದಕ್ಕೆ ಹೊಸ್ತಿಲುಂಟು. ನಾನು ಹೊರಗೆ ನಿಂತೆ. ನಿಲ್ಲಿಸಿದ್ದು ತಾಯಿಗೆ ಕೊಟ್ಟ ಮಾತೊಂದೇ ಅಲ್ಲ. 1920ರ ಫೆಬ್ರವರಿ 24ರಂದು, ಆ ಕಟ್ಟಡದ ಸಭಾಂಗಣದಲ್ಲಿ ಸುಮಾರು ಎರಡು ಸಾವಿರ ಜನರ ಮುಂದೆ ಹಿಟ್ಲರನು ತನ್ನ ಪಕ್ಷದ ಇಪ್ಪತ್ತೈದು ಅಂಶಗಳನ್ನು ಓದಿದನು. ಯೆಹೂದ್ಯರು ಈ ದೇಶದ ಪ್ರಜೆಗಳಾಗಲಾರರೆಂಬುದು ಅವುಗಳಲ್ಲಿ ಒಂದು. 1923ರ ನವೆಂಬರ್ 8ರಂದು ಸರಕಾರವನ್ನು ಕೆಡಹಲು ಅವನು ಬಂದೂಕು ಹಿಡಿದು ನುಗ್ಗಿದ್ದೂ ಪಾನಶಾಲೆಗೇ. ಅದರ ಹೆಸರು ಬ್ಯುರ್ಗರ್‌ಬ್ರಾಯ್‌ಕೆಲ್ಲರ್. ಸರಿದು ಕುಳಿತು ಅಪರಿಚಿತನಿಗೆ ಜಾಗ ಕೊಡುವ ಬೆಂಚುಗಳೇ, ನಿನಗೆ ಇಲ್ಲಿ ಜಾಗವಿಲ್ಲವೆಂದು ಕೂಗುವ ಸಭೆಗೂ ಆಸನವಾದವು.

ಅದೇ ಶಾಲೆಯಲ್ಲಿ ಮತ್ತೊಂದು ಕಥೆಯೂ ನಡೆಯಿತು. ಗೆಯೋರ್ಗ್ ಎಲ್ಸರ್ ಎಂಬ ಬಡಗಿ 1939ರಲ್ಲಿ ಮೂವತ್ತಕ್ಕೂ ಹೆಚ್ಚು ರಾತ್ರಿ ಅಲ್ಲಿ ಅಡಗಿದ್ದು, ವೇದಿಕೆಯ ಹಿಂದಿನ ಕಂಬವನ್ನು ಕೊರೆದು ಬಾಂಬನ್ನು ಇಟ್ಟನು. ನವೆಂಬರ್ 8ರಂದು ಅದು ಸಿಡಿಯುವುದಕ್ಕೆ ಹದಿಮೂರು ನಿಮಿಷ ಮೊದಲು ಹಿಟ್ಲರನು ಹೊರಟುಹೋಗಿದ್ದನು. ಸತ್ತವರು ಬೇರೆ ಎಂಟು ಮಂದಿ. ಎಲ್ಸರನನ್ನು 1945ರ ಏಪ್ರಿಲಿನಲ್ಲಿ ಡಾಖಾವ್ ಸೆರೆಶಿಬಿರದಲ್ಲಿ ಕೊಂದರು. ಆ ಕಟ್ಟಡವನ್ನು 1979ರಲ್ಲಿ ಕೆಡವಿದರು. ಕಂಬವಿದ್ದ ಸ್ಥಳದ ನೆಲದಲ್ಲಿ ಅವನ ಹೆಸರಿನ ಫಲಕವೊಂದಿದೆ. ಬಿಯರ್ ತೋಟಗಳನ್ನು ನೋಡುವವರು ಅದನ್ನೂ ನೋಡಬೇಕು.

ಕುಡಿತದ ಕೇಡು ಆ ನಾಡಿನಲ್ಲಿ ಇಲ್ಲವೆಂದೂ ನಾನು ಹೇಳಲಾರೆ. ರೈಲ್ವೆ ನಿಲ್ದಾಣದ ಬಳಿ, ಬೆಳಗಿನ ಎಂಟು ಗಂಟೆಗೇ ಬಾಟಲಿ ಹಿಡಿದು ಗೋಡೆಗೆ ಒರಗಿ ನಿಂತ ಒಬ್ಬನನ್ನು ಕಂಡೆ. ಬಣ್ಣ ಬೇರೆ, ಭಾಷೆ ಬೇರೆ; ಆ ಕಣ್ಣು ಮಾತ್ರ ನನಗೆ ಪರಿಚಿತ. ಚಿಕ್ಕಪ್ಪ ಕುಡಿದದ್ದೂ ಹಾಗೆ ನಿಂತೇ. ಆ ಅಂಗಡಿಯಲ್ಲಿ ಕುಳಿತುಕೊಳ್ಳಲು ಒಂದು ಹಲಗೆಯೂ ಇರಲಿಲ್ಲ. ರಸ್ತೆಗೆ ಬೆನ್ನು ಮಾಡಿ, ಒಂದೇ ಗುಟುಕಿಗೆ ಮುಗಿಸಿ, ತಲೆ ತಗ್ಗಿಸಿ ಹೊರಟುಬಿಡುತ್ತಿದ್ದರು.

ಊರಿಗೆ ಹಿಂದಿರುಗಿದ ಮೇಲೆ ಎಲ್ಲವನ್ನೂ ತಾಯಿಗೆ ಹೇಳಿದೆ. ತೋಟಕ್ಕೆ ಹೊಸ್ತಿಲಿಲ್ಲವೆಂಬ ಮೊಮ್ಮಗನ ವಾದವನ್ನು ಕೇಳಿ ನಕ್ಕರು. ಚಿತ್ರಾನ್ನವನ್ನು ಎರಡು ಸಲ ಹಾಕಿಸಿಕೊಂಡ ಮುದುಕಿಯ ಮಾತು ಅವರಿಗೆ ಬಹಳ ಹಿಡಿಸಿತು.

“ಆಕೆಯ ಗಂಡ ಕುಡಿಯುತ್ತಿದ್ದರೇನೋ?” ಎಂದು ಕೇಳಿದರು.

“ಕುಡಿಯುತ್ತಿದ್ದರಮ್ಮ. ಒಂದು ಲೋಟ. ಮೂರು ಗಂಟೆಯ ಹೊತ್ತು.”

“ಆಕೆ ಪಕ್ಕದಲ್ಲಿಯೇ ಕೂತಿದ್ದಳೆ?”

“ಕೂತಿದ್ದರು. ಕತ್ತಲಾದ ಮೇಲೆ ಇಬ್ಬರೂ ಕೈ ಹಿಡಿದುಕೊಂಡು ಹೋದರು.”

ತಾಯಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, “ನಿನ್ನ ಚಿಕ್ಕಪ್ಪನ ಪಕ್ಕದಲ್ಲಿ ನಾವು ಯಾರೂ ಕೂರಲಿಲ್ಲ ಕಣೋ” ಎಂದರು.

ಕೂತಿದ್ದರೆ ಗದ್ದೆ ಉಳಿಯುತ್ತಿತ್ತೆ? ನಾನು ಹೇಳಲಾರೆ. ಆದರೆ ಆ ಪ್ರಶ್ನೆ ನಮ್ಮ ಮನೆಯಲ್ಲಿ ಎದ್ದದ್ದು ಅದೇ ಮೊದಲು.