ಗೂಚ್‌ಗೆ ಅವಸರವಿರಲಿಲ್ಲ

ಬಲಾಢ್ಯರ ಆಟವೊಂದರಲ್ಲಿ ನರಪೇತಲನೊಬ್ಬ ಹದಿನೈದು ವರ್ಷ ಮೆರೆದದ್ದನ್ನು ನೋಡುವುದರಲ್ಲಿ ಒಂದು ಬಗೆಯ ಸುಖವಿದೆ. ಐರ್ಲೆಂಡಿನ ಗೇಲಿಕ್ ಫುಟ್‌ಬಾಲ್ ಅಂಥ ಆಟ. ಕೆರಿ ಕೌಂಟಿಯ ಕಾಲಮ್ ಕೂಪರ್ ಅಂಥ ನರಪೇತಲ. ಕೆಂಗೂದಲು, ಬಿಳಿಚಿದ ಮುಖ, ಇಳಿಬಿದ್ದ ಹೆಗಲು. ಹಸಿರು ಬಂಗಾರ ಬಣ್ಣದ ಅಂಗಿ ಹಾಕಿಕೊಳ್ಳದೆ ಕ್ರೀಡಾಂಗಣಕ್ಕೆ ಬಂದಿದ್ದರೆ ಗೇಟಿನವನು ಟಿಕೆಟ್ ಕೇಳದೆ ಬಿಡುತ್ತಿರಲಿಲ್ಲ. ಗೂಚಿ ಎಂಬ ಆಟದ ಗೊಂಬೆಯೊಂದಿತ್ತಂತೆ, ಇವನು ಅದರ ತದ್ರೂಪವೆಂದು ಹುಡುಗನಾಗಿದ್ದಾಗಲೇ ಯಾರೋ ತಮಾಷೆ ಮಾಡಿದರಂತೆ. ಅಲ್ಲಿಂದಾಚೆ ಇಡೀ ದೇಶಕ್ಕೇ ಅವನು ಗೂಚ್.

ಈ ಆಟದ ಬಗ್ಗೆ ನಾಲ್ಕು ಮಾತು ಹೇಳದೆ ಅವನ ಚಮತ್ಕಾರ ಹೇಳುವುದು ಕಷ್ಟ. ಒಂದೊಂದು ಕಡೆಗೆ ಹದಿನೈದು ಜನ. ಅಂಗಳ 130 ಮೀಟರಿಗೂ ಮೀರಿದ ಉದ್ದ, ನಮಗೆ ಗೊತ್ತಿರುವ ಫುಟ್‌ಬಾಲ್ ಮೈದಾನಕ್ಕಿಂತ ದೊಡ್ಡದು. ಚೆಂಡನ್ನು ಕೈಯಲ್ಲಿ ಹಿಡಿಯಬಹುದು, ಕಾಲಲ್ಲಿ ಒದೆಯಬಹುದು, ಮುಷ್ಟಿಯಿಂದ ಗುದ್ದಿ ಜೊತೆಗಾರನಿಗೆ ದಾಟಿಸಬಹುದು. ಆದರೆ ಹಿಡಿದುಕೊಂಡು ನಾಲ್ಕು ಹೆಜ್ಜೆಗಿಂತ ಹೆಚ್ಚು ಓಡುವಂತಿಲ್ಲ. ಅಷ್ಟರೊಳಗೆ ನೆಲಕ್ಕೆ ಪುಟಿಸಬೇಕು, ಇಲ್ಲವೇ ಬೂಟಿನ ತುದಿಯಿಂದ ಚಿಮ್ಮಿಸಿ ಮತ್ತೆ ಕೈಗೆ ತಂದುಕೊಳ್ಳಬೇಕು. ಸಾಲಾಗಿ ಎರಡು ಸಲ ಪುಟಿಸುವಂತಿಲ್ಲ. ಕೂಪರ್ ಆಡುತ್ತಿದ್ದ ಕಾಲದ ನಿಯಮದಲ್ಲಿ, ಗೋಲುಗಂಬದ ಅಡ್ಡಪಟ್ಟಿಯ ಮೇಲಿನಿಂದ ಚೆಂಡು ಹಾರಿಹೋದರೆ ಒಂದು ಪಾಯಿಂಟ್, ಕೆಳಗಿನ ಬಲೆಗೆ ಬಿದ್ದರೆ ಗೋಲು, ಅದಕ್ಕೆ ಮೂರು. ಹಾಗಾಗಿ ಸ್ಕೋರನ್ನು ಎರಡು ಖಾನೆಯಲ್ಲಿ ಬರೆಯುತ್ತಾರೆ. 1-5 ಎಂದರೆ ಒಂದು ಗೋಲು, ಐದು ಪಾಯಿಂಟ್, ಒಟ್ಟು ಎಂಟು. ಮೊದಮೊದಲು ತಲೆ ಕೆಡುತ್ತದೆ, ಆಮೇಲೆ ಅದರಲ್ಲೇ ಒಂದು ರುಚಿ ಹತ್ತುತ್ತದೆ.

ಕೂಪರ್ ತೊಡುತ್ತಿದ್ದದ್ದು 13ನೇ ನಂಬರಿನ ಅಂಗಿ, ಅಂದರೆ ಬಲಮೂಲೆಯ ಫಾರ್ವರ್ಡ್. ಇದು ಕಾಯುವವನ ಜಾಗ. ಚೆಂಡು ಎಲ್ಲೋ ನೂರು ಗಜದಾಚೆ ಕೆಸರಿನಲ್ಲಿ ಒದ್ದಾಡುತ್ತಿರುತ್ತದೆ. ಇಲ್ಲಿ ಮೂಲೆಯಲ್ಲಿ ಇವನ ಬೆನ್ನಿಗೊಬ್ಬ ಡಿಫೆಂಡರ್ ಅಂಟಿಕೊಂಡು ನಿಂತಿರುತ್ತಾನೆ. ಅಂಗಿ ಎಳೆಯುತ್ತಾನೆ, ಮೊಣಕೈಯಲ್ಲಿ ತಿವಿಯುತ್ತಾನೆ, ಕಿವಿಯಲ್ಲಿ ಕೇಳಬಾರದ್ದನ್ನು ಹೇಳುತ್ತಾನೆ. ರೆಫರಿಯ ಕಣ್ಣು ಚೆಂಡಿನ ಮೇಲೆ. ಇಷ್ಟರ ನಡುವೆ ನಮ್ಮ ಗೂಚ್ ಬಸ್ಸಿಗೆ ಕಾಯುವವನ ಹಾಗೆ ನಿಂತಿರುತ್ತಿದ್ದ. ಎರಡು ಹೆಜ್ಜೆ ಆಚೆ, ಎರಡು ಹೆಜ್ಜೆ ಈಚೆ. ಡಿಫೆಂಡರ್ ಒಂದು ಗಳಿಗೆ ಮೈಮರೆತು ಚೆಂಡಿನ ಕಡೆ ನೋಡಿದನೋ, ತಿರುಗಿ ನೋಡುವಷ್ಟರಲ್ಲಿ ಇವನು ಅಲ್ಲಿಲ್ಲ. ಓಟದಲ್ಲಿ ಇವನಿಗಿಂತ ಚುರುಕಿನವರು ತಂಡದಲ್ಲೇ ಇದ್ದರು. ಇವನದು ಮೊದಲ ಎರಡು ಹೆಜ್ಜೆಯ ವಿದ್ಯೆ. ಚೆಂಡು ಎಲ್ಲಿ ಬೀಳುತ್ತದೆಂದು ಒದೆಯುವವನಿಗೆ ಹೊಳೆಯುವ ಮೊದಲೇ ಇವನಿಗೆ ಹೊಳೆದಿರುತ್ತಿತ್ತು. ಎಡಗಾಲು ಬಲಗಾಲು ಎಂಬ ಭೇದವೂ ಇರಲಿಲ್ಲ. ಯಾವ ಬದಿಯಿಂದ ಅಟಕಾಯಿಸಬೇಕೆಂಬುದೇ ಎದುರಾಳಿಗೆ ದೊಡ್ಡ ತಲೆನೋವು.

2004ರ ಅಖಿಲ ಐರ್ಲೆಂಡ್ ಫೈನಲಿನಲ್ಲಿ, ಅಂದರೆ ಕೌಂಟಿಗಳ ಚಾಂಪಿಯನ್‌ಷಿಪ್ಪಿನ ಕೊನೆಯ ಪಂದ್ಯದಲ್ಲಿ, ಮೇಯೊ ಕೌಂಟಿಯ ತಂಡದ ವಿರುದ್ಧ ಅವನು ಹಾಕಿದ ಗೋಲನ್ನೇ ನೋಡಿ. ಡಬ್ಲಿನ್ನಿನ ಕ್ರೋಕ್ ಪಾರ್ಕ್, 80 ಸಾವಿರ ದಾಟಿದ ಜನ ಹಿಡಿಸುವ ಅಂಗಳ. ದೂರದಿಂದ ಎತ್ತರಕ್ಕೆ ಒದ್ದ ಚೆಂಡು ಗೋಲಿನತ್ತ ಇಳಿಯುತ್ತದೆ. ಪಕ್ಕದಲ್ಲೇ ಡಿಫೆಂಡರ್. ಮೈಕಟ್ಟು ನೋಡಿ ಪಣ ಕಟ್ಟುವುದಾದರೆ ಯಾರೂ ಕೂಪರನ ಮೇಲೆ ಕಾಸು ಹಾಕುತ್ತಿರಲಿಲ್ಲ. ಅವನು ಮೇಲಕ್ಕೆ ನೆಗೆದು ಚೆಂಡನ್ನು ತಲೆಯ ಮೇಲಿನಿಂದಲೇ ಎತ್ತಿಕೊಂಡ. ಕೆಳಗಿಳಿದು ಮೈ ಹೊರಳಿಸಿದಾಗ ಬೆನ್ನಟ್ಟಿದವನು ಒಂದು ಕಡೆ, ಇವನು ಇನ್ನೊಂದು ಕಡೆ. ಇನ್ನು ಗೋಲಿಯೊಬ್ಬನೇ ಎದುರು. ಇಂಥ ಹೊತ್ತಿನಲ್ಲಿ ಹೆಚ್ಚಿನವರು ಕಣ್ಣುಮುಚ್ಚಿ ಒದೆಯುತ್ತಾರೆ, ಬಲೆ ಹರಿಯುವ ಹಾಗೆ. ಕೂಪರ್ ಒದೆಯಲೇ ಇಲ್ಲ ಎನ್ನಬೇಕು. ಚೆಂಡನ್ನು ಮೆಲ್ಲಗೆ ನೆಲದಗುಂಟ ಮೂಲೆಗೆ ಸರಿಸಿಬಿಟ್ಟ. ಆ ದಿನ ಅವನ ಪಾಲು 1-5. ಕೆರಿ 1-20, ಮೇಯೊ 2-9. ನನ್ನ ಮಟ್ಟಿಗೆ ಅವನ ಇಡೀ ಆಟದ ಗುಟ್ಟು ಆ ಮೆಲ್ಲಗೆ ಸರಿಸಿದ್ದರಲ್ಲೇ ಇದೆ. ಎಲ್ಲರಿಗೂ ಸಿಗುವಷ್ಟೇ ಸಮಯ ಅವನಿಗೂ ಸಿಗುತ್ತಿತ್ತು, ಆದರೆ ಅವನ ಕೈಯಲ್ಲಿ ಅದು ತುಸು ಹಿಗ್ಗುತ್ತಿತ್ತು.

ಇಷ್ಟೆಲ್ಲ ಮಾಡಿ ಅವನಿಗೆ ಸಿಗುತ್ತಿದ್ದ ಸಂಬಳ? ಏನೂ ಇಲ್ಲ. ಗೇಲಿಕ್ ಆಟಗಳ ಸಂಘ 1884ರಲ್ಲಿ ಥರ್ಲ್ಸ್ ಎಂಬ ಊರಿನ ಹೋಟೆಲೊಂದರಲ್ಲಿ ಹುಟ್ಟಿತು. ಅಲ್ಲಿಂದ ಇಲ್ಲಿಯವರೆಗೆ ಆಟಗಾರರಿಗೆ ಸಂಬಳವೆಂಬುದಿಲ್ಲ. ದೊಡ್ಡ ಕ್ಲಬ್ಬುಗಳು ಆಟಗಾರರನ್ನು ಕೊಳ್ಳುವ ಸಂತೆಯೂ ಇಲ್ಲ. ನೀನು ಯಾವ ಊರಿನವನೋ ಆ ಊರಿನ ಕ್ಲಬ್ಬಿಗೆ, ಆ ಕೌಂಟಿಗೆ ಆಡಬೇಕು. ಭಾನುವಾರ ತುಂಬಿದ ಕ್ರೋಕ್ ಪಾರ್ಕಿನಲ್ಲಿ ಜೈಕಾರ ಕೇಳಿದವನು ಸೋಮವಾರ ಶಾಲೆಯಲ್ಲಿ ಪಾಠ ಮಾಡುತ್ತಿರುತ್ತಾನೆ, ಇಲ್ಲವೇ ಹೊಲದಲ್ಲಿರುತ್ತಾನೆ. ಕೂಪರ್ ಬ್ಯಾಂಕ್ ನೌಕರನಾಗಿದ್ದ. ಹಿಂದಿನ ದಿನ ಪೆನಾಲ್ಟಿ ಕೈಚೆಲ್ಲಿದವನ ಮುಂದೆ ಮರುದಿನ ಸಾಲದ ಅರ್ಜಿ ಹಿಡಿದು ಕೂರುವುದು ಎಷ್ಟು ಇರುಸುಮುರುಸೋ ಯೋಚಿಸಿ. ಅವನಿಗೆಷ್ಟು, ಅರ್ಜಿ ಹಿಡಿದವನಿಗೆಷ್ಟು!

ಅವನ ಊರು ಕಿಲಾರ್ನಿ, ಕ್ಲಬ್ಬು ಡಾಕ್ಟರ್ ಕ್ರೋಕ್ಸ್. ಕ್ರೋಕ್ ಪಾರ್ಕಿಗೆ ಹೆಸರು ಕೊಟ್ಟ ಆರ್ಚ್‌ಬಿಷಪ್ಪರ ಹೆಸರೇ ಈ ಕ್ಲಬ್ಬಿಗೂ. 1992ರಲ್ಲಿ ಈ ಕ್ಲಬ್ಬು ಅಖಿಲ ಐರ್ಲೆಂಡ್ ಕ್ಲಬ್ ಪ್ರಶಸ್ತಿ ಗೆದ್ದಾಗ ತಂಡದ ಜೊತೆ ಅದೃಷ್ಟದ ಗೊಂಬೆಯಂತೆ ಎಂಟು ವರ್ಷದ ಕೆಂಗೂದಲ ಪೋರನೊಬ್ಬನಿದ್ದ, ಅವನೇ ಇವನು. ಅದೇ ಕಪ್ಪನ್ನು ತಾನು ಆಡಿ ಗೆಲ್ಲಬೇಕೆಂಬ ಆಸೆ ತೀರಲು ಅವನಿಗೆ 2017ರವರೆಗೆ ಕಾಯಬೇಕಾಯಿತು. 2007ರಲ್ಲಿ ಫೈನಲ್ ಡ್ರಾ ಆಗಿ ಮರುಪಂದ್ಯದಲ್ಲಿ ಸೋಲು. ಆಮೇಲೆ ಸೆಮಿಫೈನಲಿನಲ್ಲೇ ಮತ್ತೆ ಮತ್ತೆ ಮುಗ್ಗರಿಕೆ. ಕೌಂಟಿಯ ಪರವಾಗಿ ಅಷ್ಟೊಂದು ಪದಕ ಕೊರಳಿಗೆ ಬಿದ್ದಿದ್ದರೂ ಊರಿನ ಕ್ಲಬ್ಬಿನ ಈ ಒಂದು ಪದಕಕ್ಕಾಗಿ ಅವನು ಪಟ್ಟ ಹಂಬಲ ದೊಡ್ಡದು. ಕೊನೆಗೆ ಮಾರ್ಚ್ 17ರ ಸಂತ ಪ್ಯಾಟ್ರಿಕ್ ಹಬ್ಬದ ದಿನ ಸ್ಲಾಟ್‌ನೀಲ್ ತಂಡವನ್ನು 1-9, 1-7ರಿಂದ ಸೋಲಿಸಿದಾಗ ಕ್ಲಬ್ಬಿನ ಆ ಒಂದು ಗೋಲು ಕೂಪರನದೇ. ಮರುತಿಂಗಳೇ ಕೆರಿ ಅಂಗಿಗೆ ವಿದಾಯ ಹೇಳಿದ.

ಕೆರಿಯ ಪರವಾಗಿ 2002ರಲ್ಲಿ ಹತ್ತೊಂಬತ್ತು ತುಂಬುವ ಮೊದಲೇ ಚಾಂಪಿಯನ್‌ಷಿಪ್ಪಿಗೆ ಇಳಿದು, ಮೊದಲ ವರ್ಷವೇ ಫೈನಲಿನಲ್ಲಿ ಅರ್ಮಾ ಎದುರು ಒಂದೇ ಪಾಯಿಂಟಿನಿಂದ ಸೋತ. 2004, 2006, 2007, 2009ರಲ್ಲಿ ಗೆದ್ದ. ಎಂಟು ಸಲ ವರ್ಷದ ಆಲ್ ಸ್ಟಾರ್ ತಂಡದಲ್ಲಿ ಹೆಸರು. ಇದನ್ನು ಇನ್ನೂ ಉದ್ದ ಮಾಡುವ ಇಷ್ಟವಿಲ್ಲ. ನನಗೆ ಗೆಲುವುಗಳಿಗಿಂತ 2011 ಹೆಚ್ಚು ಕಾಡುತ್ತದೆ. ಕೆರಿಯಲ್ಲೊಂದು ಹಳೆಯ ಪದ್ಧತಿ: ಹಿಂದಿನ ವರ್ಷ ಕೌಂಟಿ ಚಾಂಪಿಯನ್ ಆದ ಕ್ಲಬ್ಬೇ ತಂಡದ ನಾಯಕನನ್ನು ಸೂಚಿಸುತ್ತದೆ. ಹಾಗೆ ಆ ಸಲ ನಾಯಕತ್ವ ಕೂಪರನ ಪಾಲಿಗೆ ಬಂತು. ಫೈನಲಿನಲ್ಲಿ ಡಬ್ಲಿನ್ ವಿರುದ್ಧ ತಾನೇ ಗೋಲು ಹಾಕಿದ. ಇನ್ನೇನು ಏಳೆಂಟು ನಿಮಿಷ ಉಳಿದಿದೆ ಎನ್ನುವಾಗ ಕೆರಿ ನಾಲ್ಕು ಪಾಯಿಂಟ್ ಮುಂದೆ. ಅಲ್ಲಿಂದ ಡಬ್ಲಿನ್ ಒಂದು ಗೋಲು ಹಾಕಿತು, ಸಮಬಲ ಮಾಡಿಕೊಂಡಿತು. ಕೊಟ್ಟಕೊನೆಯಲ್ಲಿ ಸಿಕ್ಕ ಫ್ರೀ ಕಿಕ್ ಒದೆಯಲು ಅವರ ಗೋಲಿ ಸ್ಟೀಫನ್ ಕ್ಲಕ್ಸ್‌ಟನ್ ಅಂಗಳದ ಆ ತುದಿಯಿಂದ ಈ ತುದಿಗೆ ಬಂದ, ಕಂಬಗಳ ನಡುವೆ ಹಾರಿಸಿದ. 1-12, 1-11. ಚಾಂಪಿಯನ್ನರಿಗೆ ಸಿಗುವ ಸ್ಯಾಮ್ ಮಗೈರ್ ಕಪ್ಪನ್ನು ನಾಯಕನಾಗಿ ಎತ್ತುವ ಭಾಗ್ಯ ಗೂಚ್‌ಗೆ ಎಂದೂ ಬರಲಿಲ್ಲ.

2014ರ ಫೆಬ್ರವರಿಯಲ್ಲಿ ಕ್ಲಬ್ ಪಂದ್ಯವೊಂದರಲ್ಲಿ ಮೊಣಕಾಲಿಗೆ ಪೆಟ್ಟಾಗಿ ವರ್ಷವೇ ಹೋಯಿತು. ಆ ಸೆಪ್ಟೆಂಬರಿನಲ್ಲಿ ಅಂಗಳದಲ್ಲಿ ಅವನಿಲ್ಲದೆಯೂ ಕೆರಿ ಡೊನೆಗಲ್ಲನ್ನು ಸೋಲಿಸಿ ಕಪ್ ಗೆದ್ದಿತು. ಆಟ ಯಾರಿಗಾಗಿಯೂ ನಿಲ್ಲುವುದಿಲ್ಲ, ಸರಿ. ಆದರೂ ಒಳಗೊಳಗೇ ಚುರುಕ್ ಎಂದಿರಬೇಕು.

ನಿವೃತ್ತಿಯ ವರ್ಷ ಡಬ್ಲಿನ್ನಿನಲ್ಲಿ ಅವನಿಗೊಂದು ಸನ್ಮಾನದ ಔತಣ ಏರ್ಪಟ್ಟಿತು, ತಲೆಗೆ 500 ಯೂರೊ. ಹಣದ ಒಂದು ಪಾಲು ಧರ್ಮಕಾರ್ಯಕ್ಕೆ, ಉಳಿದದ್ದು ಅವನಿಗೆ. ಸಂಬಳವಿಲ್ಲದ ಆಟದಲ್ಲಿ ಇದು ಸಲ್ಲದು ಎಂದು ದೊಡ್ಡ ಗುಲ್ಲೆದ್ದಿತು. ಒಬ್ಬನಿಗೆ ಕೊಟ್ಟರೆ ಹೆಸರಿಲ್ಲದೆ ಆಡಿದ ಸಾವಿರ ಜನರ ಗತಿಯೇನು ಎಂಬ ಮಾತಿನಲ್ಲಿ ಹುರುಳಿಲ್ಲದೆ ಇಲ್ಲ. ಆದರೆ ಹದಿನೈದು ವರ್ಷ ಅವನ ಹೆಸರು ಹೇಳಿ ಗೇಟಿನಲ್ಲಿ ಟಿಕೆಟ್ ಮಾರಿದವರು ಒಂದು ರಾತ್ರಿಯ ಊಟಕ್ಕೆ ಮುಖ ಸಿಂಡರಿಸುವುದು ನನಗೇಕೋ ಒಪ್ಪಿಗೆಯಾಗದು.

ಚಾಂಪಿಯನ್‌ಷಿಪ್ಪಿನಲ್ಲಿ 85 ಪಂದ್ಯ, 23-283. ಕೂಡಿದರೆ 352. ಅತಿ ಹೆಚ್ಚು ಗಳಿಕೆಯ ಆ ದಾಖಲೆಯನ್ನು 2019ರಲ್ಲಿ ಮೇಯೊದ ಕಿಲಿಯನ್ ಓಕಾನರ್ ಮುರಿದ. ಮುರಿಯಲಿ, ಅಂಕಿಗಳು ಇರುವುದೇ ಅದಕ್ಕೆ. ನೀವು ಗೂಚ್‌ನನ್ನು ನೋಡಬೇಕೆಂದಿದ್ದರೆ ಅಂಕಿಗಳನ್ನು ಬದಿಗಿಟ್ಟು 2013ರ ಸೆಮಿಫೈನಲ್ ಹುಡುಕಿ. ಆ ಹೊತ್ತಿಗೆ ಮೂಲೆ ಬಿಟ್ಟು 11ನೇ ನಂಬರಿನಲ್ಲಿ ನಡುವೆ ನಿಂತಿದ್ದ. ಗೋಲು ಹೊಡೆಯುವವರು ಬೇರೆ, ಅವರ ಓಟಕ್ಕೆ ಸರಿಯಾಗಿ ಚೆಂಡು ಬಡಿಸುವವನು ಇವನು. ಮೊದಲಾರ್ಧದಲ್ಲೇ ಕೆರಿಗೆ ಮೂರು ಗೋಲು. ಡಬ್ಲಿನ್ ಗೆದ್ದದ್ದು 3-18, 3-11ರಿಂದ. ಸೋತ ಪಂದ್ಯವೇ ಆಯಿತು, ಆದರೂ ಮೊದಲ ಅರ್ಧ ಗಂಟೆ ಬಿಡದೆ ನೋಡಿ.